ಹೊಳಪು ಕೊಟ್ಟ ಬೀಸುಕಲ್ಲು

"ಗುರುಗಳೇ, ಮಕ್ಕಳಿಗೆ ಇನ್ನೇನು ಕೊಡಬೇಕು?" ಎಂದು ಶಂಭುಲಿಂಗ ಕೇಳಿದ. ಹಿಂದೆ ಗುರುಗಳ ಮಠದಲ್ಲೇ ಓದಿದವನು, ಈಗ ಪಟ್ಟಣದಲ್ಲಿ ದೊಡ್ಡದೊಂದು ಶಾಲೆ ನಡೆಸುತ್ತಿದ್ದ. "ನಮ್ಮಲ್ಲಿ ಇಲ್ಲದ್ದೇ ಇಲ್ಲ. ಮಕ್ಕಳು ಬಾಯಿ ತೆರೆಯುವ ಮೊದಲೇ ಬೇಕಾದದ್ದು ಎದುರಿಗೆ ಬಂದಿರುತ್ತದೆ. ಚೆನ್ನಾಗಿ ಮಾತಾಡುತ್ತಾರೆ, ಒಳ್ಳೆಯ ಅಂಕ ತೆಗೆಯುತ್ತಾರೆ. ಆದರೆ ಯಾವುದೂ ಅವರಿಗೆ ತಾಗುವುದಿಲ್ಲ. ಪಾಠವೂ ತಾಗುವುದಿಲ್ಲ, ಪಕ್ಕದವನ ಕಣ್ಣೀರೂ ತಾಗುವುದಿಲ್ಲ. ನೋಡಿದರೆ ಸಂಕಟವಾಗುತ್ತದೆ."

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಅವನ ಅಂಗಡಿಯಲ್ಲಿ ಸಿಗದ ಸಾಮಾನಿಲ್ಲ, ಅವನ ಮನೆಯಲ್ಲಿ ಇಲ್ಲದ ಸಾಮಾನಿಲ್ಲ. ಹೊಸದು ಏನು ಬಂದರೂ ಮೊದಲು ತನ್ನ ಮನೆಗೆ ಒಂದು ಒಯ್ದಿಟ್ಟು, ಆಮೇಲೆ ಮಾರಾಟಕ್ಕೆ ಇಡುತ್ತಿದ್ದ. ಇಷ್ಟಿದ್ದೂ ಆ ಪುಣ್ಯಾತ್ಮನಿಗೆ ಒಂದು ಕೊರಗಿತ್ತು. ಚಿಕ್ಕವನಿದ್ದಾಗ ಬೆಳಗಿನ ಜಾವ ತಾಯಿ ಜೋಳ ಬೀಸುತ್ತಿದ್ದಳು. ಅವಳ ತೊಡೆಯ ಮೇಲೆ ತಲೆಯಿಟ್ಟು ಅವನು ಮಲಗುತ್ತಿದ್ದ. ಕಲ್ಲಿನ ಗುರುಗುರು ಸದ್ದಿನೊಳಗೆ ಅವಳು ಹಾಡುವ ಪದ ಕೇಳಿಬರುತ್ತಿತ್ತು. ತಾಯಿ ಹೋಗಿ ಎಷ್ಟೋ ವರ್ಷವಾಗಿತ್ತು. ವಯಸ್ಸಾದಂತೆ ಆ ಪದ ಮತ್ತೊಮ್ಮೆ ಕೇಳಬೇಕೆಂದು ಅವನ ಜೀವ ಹಂಬಲಿಸತೊಡಗಿತು.

ಹಾಡುವವರನ್ನು ಕರೆಸಿದ. ಅವರು ಸೊಗಸಾಗಿಯೇ ಹಾಡಿದರು, ಆದರೆ ಅವು ತಾಯಿಯ ಪದಗಳಲ್ಲ. ತಾಯಿಯ ಎದುರು ಕೂತು ಅದೇ ಕಲ್ಲನ್ನು ಎಳೆದು ದನಿಗೂಡಿಸಿದವಳು ಅಕ್ಕ ಒಬ್ಬಳೇ. ಅವಳು ಗಂಡನ ಊರಿನಲ್ಲಿ ಮುದುಕಿಯಾಗಿದ್ದಳು. ವ್ಯಾಪಾರಿ ತಾನೇ ಹೋಗಿ ಕರೆತಂದು ಮೆತ್ತನೆಯ ಆಸನದ ಮೇಲೆ ಕೂರಿಸಿದ.

"ಅಕ್ಕಾ, ಅವ್ವನ ಪದ ಒಂದು ಹಾಡವಾ."

ಅಕ್ಕ ಒಂದು ಸಾಲು ಹಾಡಿದಳು. ಮುಂದಿನದು ಬರಲಿಲ್ಲ. ಮತ್ತೆ ಮೊದಲಿನಿಂದ ಎತ್ತಿಕೊಂಡಳು, ಅಲ್ಲಿಗೇ ನಿಂತಿತು.

"ಹಿಂಗ ಸುಮ್ಮ ಕುಂತರ ಬರೂದಿಲ್ಲೋ ತಮ್ಮಾ. ಕೈಯಾಗ ಗೂಟ ಇರಬೇಕು, ಕಲ್ಲು ಗುರುಗುಡಬೇಕು. ಆಗ ಪದ ತಾವ ಬರತಾವ."

ವ್ಯಾಪಾರಿಗೆ ಹಿಗ್ಗೋ ಹಿಗ್ಗು. ತಾಯಿಯ ಬೀಸುಕಲ್ಲು ಮನೆಯಲ್ಲೇ ಇತ್ತು! ಹಳೆಯ ಮನೆ ಕೆಡವುವಾಗ ಅದನ್ನು ಉಳಿಸಿಕೊಂಡು, ಬಂದವರು ನೋಡಲೆಂದು ಎರಡೂ ಕಲ್ಲುಗಳನ್ನು ಪಡಸಾಲೆಯಲ್ಲಿ ಅಕ್ಕಪಕ್ಕ ನಿಲ್ಲಿಸಿದ್ದ. ಆಳುಗಳನ್ನು ಕರೆಯದೆ ತಾನೇ ಏದುಸಿರು ಬಿಡುತ್ತ ಕಲ್ಲು ಜೋಡಿಸಿದ, ಗೂಟ ಹಾಕಿದ, ಜೋಳ ತಂದ. ಅಕ್ಕ ನೆಲಕ್ಕೆ ಇಳಿದು ಕೂತಳು. ಅವಳ ಮುಖ ನೋಡಿ ಅವನ ಕಣ್ಣು ಆಗಲೇ ತುಂಬಿದ್ದವು.

ಅಕ್ಕ ಒಂದು ಹಿಡಿ ಜೋಳ ಹಾಕಿ ತಿರುಗಿಸಿದಳು. ಕಲ್ಲು ಸಲೀಸಾಗಿ ತಿರುಗಿತು. ಗುರುಗುರು ಸದ್ದು ಬರಲಿಲ್ಲ. ಕಾಳು ಒಳಗೆ ಹೋದಂತೆಯೇ ಇಡಿಯಾಗಿ ಹೊರಗೆ ಜಾರಿತು. ಅವಳು ಕೈ ನಿಲ್ಲಿಸಿ, ಮೇಲಿನ ಕಲ್ಲು ಸರಿಸಿ, ಒಳಮೈಯನ್ನು ಸವರಿ ನೋಡಿದಳು.

"ಯಾಕೋ ತಮ್ಮಾ, ಇದನ್ನ ಏನು ಮಾಡಿಸಿದಿ?"

ನೆಲಕ್ಕೆ ಹೊಳಪು ಕೊಡಲು ಬಂದವರ ಕೈಯಲ್ಲೇ ಅವನು ಕಲ್ಲನ್ನೂ ಉಜ್ಜಿಸಿದ್ದ. ಒರಟಾಗಿತ್ತು, ಮುಟ್ಟಿದರೆ ಚುಚ್ಚುತ್ತಿತ್ತು, ನೋಡಲು ಚೆಂದವಿರಲಿಲ್ಲ. ಮುಖ ಕಾಣುವಷ್ಟು ನುಣುಪಾಗುವವರೆಗೆ ಉಜ್ಜಿಸಿದ್ದ. ತಾಯಿಯ ಮೇಲಿನ ಪ್ರೀತಿಯಿಂದಲೇ ಮಾಡಿಸಿದ್ದ, ಪಾಪ. ಈಗ ಮತ್ತೆ ಒರಟು ಮಾಡಲು ಉಳಿ ಹಿಡಿದರೆ ಒಡೆದೇ ಹೋಗುವಷ್ಟು ಅದು ತೆಳುವಾಗಿತ್ತು.

ಅಕ್ಕ ಬರಿಗಲ್ಲನ್ನೇ ಇನ್ನೊಂದಿಷ್ಟು ಹೊತ್ತು ತಿರುಗಿಸಿದಳು. ತಮ್ಮನಿಗಾಗಿ ಅವಳಿಗೂ ಹಾಡುವ ಆಸೆ. ತುಟಿ ಅಲ್ಲಾಡಿದವು, ಪದ ಬರಲಿಲ್ಲ. ವ್ಯಾಪಾರಿ ಅವಳ ಪಕ್ಕದಲ್ಲಿ ಕೂತು ಚಿಕ್ಕ ಮಗುವಿನ ಹಾಗೆ ಅತ್ತ.

ಗುರುಗಳ ಕತೆ ಅಲ್ಲಿಗೆ ಮುಗಿಯಿತು. ಶಂಭುಲಿಂಗ ತಡೆಯಲಾರದೆ ಕೇಳಿದ: "ಬೇರೆ ಕಲ್ಲು ತರಿಸಬಹುದಿತ್ತಲ್ಲ, ಗುರುಗಳೇ?"

"ತರಿಸಿದ. ಹುಡುಕಿಸಿ ದೂರದಿಂದ ಅದು ಬರುವಷ್ಟರಲ್ಲಿ ಅಕ್ಕನೇ ಉಳಿದಿರಲಿಲ್ಲ" ಎಂದರು ಗುರುಗಳು. ಆಮೇಲೆ ಶಿಷ್ಯನ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದರು:

"ನಿಮ್ಮ ಶಾಲೆಯಲ್ಲಿ ಮಕ್ಕಳನ್ನು ಯಾವ ತರಗತಿಯಿಂದ ಉಜ್ಜಲು ಶುರು ಮಾಡುತ್ತೀರಿ, ಶಂಭುಲಿಂಗ?"