ಯಾರೂ ಕರೆಯದ ಊಟ

ಹೊಳೆ ದಂಡೆಯ ಮೇಲೊಂದು ಮಠ. ಮಠ ಅಂದರೆ ಎರಡು ಗುಡಿಸಲು, ಒಂದು ಬೇವಿನ ಮರ, ಅಷ್ಟೆ.

ಅಲ್ಲಿದ್ದವರು ಇಬ್ಬರು. ಗುರು ಮರುಳಯ್ಯನವರು, ಸುತ್ತಿನ ಊರವರ ಬಾಯಲ್ಲಿ ಅಜ್ಜಯ್ಯ. ಶಿಷ್ಯ ಕೊಟ್ರಯ್ಯ. ಗುರು ಮುರಿದ ಮೂಳೆ ಕೂಡಿಸಿ ಕಟ್ಟುತ್ತಿದ್ದರು. ಶಿಷ್ಯ ಅದನ್ನೇ ಕಲಿಯುತ್ತಿದ್ದ.

ಒಂದು ದಿನ ಆಚೆ ದಡದಿಂದ ಸುದ್ದಿ ಬಂತು. ಗುಡ್ಡದ ಮೇಲೆ ಮೇಕೆ ಕಾಯುವವರ ಹಟ್ಟಿ. ಅಲ್ಲಿ ಬೊಮ್ಮವ್ವ ಎಂಬ ಮುದುಕಿ ಬಂಡೆಯಿಂದ ಜಾರಿ ಕಾಲು ಮುರಿದುಕೊಂಡಿದ್ದಾಳೆ.

"ಈ ಸಲ ನೀನು ಹೋಗು," ಅಂದರು ಗುರು. "ಕಟ್ಟಿದ ತಕ್ಷಣ ಬಂದುಬಿಡಬೇಡ. ಅಲ್ಲೇ ಇರು. ಊತ ಇಳಿದ ಮೇಲೆ ಕಟ್ಟು ಸಡಿಲ ಆಗುತ್ತೆ. ಆಗ ಬಿಚ್ಚಿ ಬಿಗಿಯಾಗಿ ಕಟ್ಟದಿದ್ರೆ ಮೂಳೆ ಸೊಟ್ಟಗೆ ಕೂಡುತ್ತೆ. ಆಮೇಲೆ ಮುದುಕಿ ಗುಡ್ಡ ಹತ್ತೋದಿಲ್ಲ."

ಕೊಟ್ರಯ್ಯ ಹೊಳೆ ದಾಟಿದ. ಮೂಳೆ ಕೂಡಿಸಿದ. ಬಿದಿರು ದಬ್ಬೆ ಇಟ್ಟು ಕಟ್ಟಿದ.

ಮಾರನೆಯ ದಿನ ಮಧ್ಯಾಹ್ನಕ್ಕೆಲ್ಲ ವಾಪಸು ಬಂದು ಬೇವಿನ ಬುಡದಲ್ಲಿ ಕೂತ.

"ಊತ ಇಳೀತಾ?" ಗುರು ಕೇಳಿದರು.

"ಇಲ್ಲ."

"ಮತ್ತೆ ಯಾಕೆ ಬಂದೆ?"

"ಅವರು ಮನುಷ್ಯರಲ್ಲ ಅಜ್ಜಯ್ಯ, ಕಲ್ಲು. ನಿನ್ನೆಯಿಂದ ಒಂದು ತುತ್ತು ಹೊಟ್ಟೆಗೆ ಬಿದ್ದಿಲ್ಲ. ಬಾಗಿಲ ಪಕ್ಕದಲ್ಲೇ ಅಂಬಲಿ ಗಡಿಗೆ. ಒಬ್ಬೊಬ್ಬರೇ ಬರ್ತಾರೆ, ತೆಂಗಿನ ಚಿಪ್ಪಲ್ಲಿ ಮೊಗೆದು ಕುಡೀತಾರೆ, ಹೋಗ್ತಾರೆ. ನಾನು ಎದುರಿಗೇ ಕೂತಿದ್ದೆ. ಒಬ್ಬರಾದ್ರೂ 'ಏಳಪ್ಪ, ಉಣ್ಣು' ಅನ್ನಬೇಕಲ್ಲ? ನಾಯಿಗಾದ್ರೂ ಕರೆದು ಹಾಕ್ತಾರೆ."

"ನೀನು ಕೇಳಬಹುದಿತ್ತು."

"ಹೋದ ಮನೇಲಿ ಬಾಯಿಬಿಟ್ಟು ಊಟ ಕೇಳೋದಾ? ನಮ್ಮವ್ವ ಹಂಗೆ ಬೆಳೆಸಿಲ್ಲ ನನ್ನ."

ಗುರು ಅವನ ಮುಖ ನೋಡಿದರು.

"ಸರಿ, ಊಟಕ್ಕೆ ಏಳು."

"ಬೇಡ ಅಜ್ಜಯ್ಯ. ಹಸಿವಿಲ್ಲ."

"ಏಳಪ್ಪ."

"ಇರಲಿ ಬಿಡಿ."

"ಏಳೋ ಅಂದ್ರೆ!"

ಆಗ ಎದ್ದ. ಕೂತವನೇ ಎರಡು ಮುದ್ದೆ ನುಂಗಿ ಮೂರನೆಯದಕ್ಕೆ ಕೈ ಹಾಕಿದ.

ಅಷ್ಟರಲ್ಲಿ ಹಟ್ಟಿಯಿಂದ ಒಬ್ಬ ಬಂದ. ಹೆಗಲ ಮೇಲೆ ಕಂಬಳಿ. ಬೊಮ್ಮವ್ವನ ಮಗ ಚಿತ್ತಯ್ಯ. ಕಾಲಿನ ಕೆರ ಬಾಗಿಲಲ್ಲಿ ಬಿಟ್ಟು ಸೀದಾ ಒಳಗೆ ನಡೆದ. ಮಜ್ಜಿಗೆ ಗಡಿಗೆಯ ಮುಚ್ಚಳ ತೆಗೆದ. ಮೊಗೆದು ಗಟಗಟ ಕುಡಿದ.

ಕೊಟ್ರಯ್ಯನಿಗೆ ರೇಗಿಹೋಯಿತು.

"ಏಯ್! ಯಾರನ್ನ ಕೇಳಿ ಮುಟ್ಟಿದೆಯೋ? ಕಳ್ಳನ ಹಾಗೆ ನುಗ್ತೀಯಲ್ಲ!"

ಚಿತ್ತಯ್ಯ ಚಿಪ್ಪು ಕೈಯಲ್ಲೇ ಹಿಡಿದು ನಿಂತ. ಕೋಪ ಮಾಡಿಕೊಳ್ಳಲಿಲ್ಲ. ಅರ್ಥವಾಗಲಿಲ್ಲ ಅವನಿಗೆ.

"ಬಾಯಾರಿತ್ತು, ಕುಡಿದೆ," ಅಂದ. "ನಿಮ್ಮನ್ನ ಯಾಕೆ ಕೇಳ್ಬೇಕು? ಬಾಯಾರಿದ್ದು ನನಗಲ್ವಾ?"

"ಮೊದಲು ಅವನು ಪೂರಾ ಕುಡೀಲಿ," ಅಂದರು ಗುರು.

ಚಿತ್ತಯ್ಯ ಕುಡಿದ. ಚಿಪ್ಪು ತೊಳೆದಿಟ್ಟ. ಆಮೇಲೆ ಗುರುವಿನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅಜ್ಜಯ್ಯಾರೆ, ನಮ್ಮಿಂದ ಏನು ತಪ್ಪಾಯ್ತು ಅಂತ ಕೇಳಿ ಹೋಗಾಕೆ ಬಂದೀನಿ. ಈ ಅಯ್ಯನೋರು ನಮ್ಮ ಸೂರಿನೊಳಗೆ ಬಂದು ಕುಂತ್ರು. ಗಡಿಗೆ ಮುಟ್ಟಲಿಲ್ಲ. ರಾತ್ರೀನೂ ಮುಟ್ಟಲಿಲ್ಲ, ಬೆಳಗ್ಗೇನೂ ಮುಟ್ಟಲಿಲ್ಲ. ಎದ್ದು ಹೊಂಟೇಬಿಟ್ರು. ನಮ್ಮ ಅಂಬಲಿ ಇವರಿಗೆ ಮೈಲಿಗೆಯಾ?"

"ಮೈಲಿಗೆ ಅಂತ ಯಾರಂದ್ರು?" ಕೊಟ್ರಯ್ಯ ತಡೆದ. "ಉಣ್ಣು ಅಂತ ನೀವ್ಯಾರೂ ಕರೀಲೇ ಇಲ್ಲ!"

ಚಿತ್ತಯ್ಯ ಕೈಯಿಂದ ಬಾಯಿ ಮುಚ್ಚಿಕೊಂಡ.

"ಶಿವನೇ! ಹಂಗಂತಾರಾ? ಉಣ್ಣು ಅನ್ನೋದು ಹೊರಗೆ ನಿಂತು ಬೇಡೋನಿಗೆ. ಸೂರಿನ ಕೆಳಗೆ ಬಂದೋನಿಗೆ ಅಂದ್ರೆ, ನೀನು ನಮ್ಮೋನಲ್ಲ, ಈ ಗಡಿಗೆ ನಿನ್ನದಲ್ಲ ಅಂದಂಗೆ. ನಿಮ್ಮ ಮುಖಕ್ಕೆ ಹಂಗೆ ಹೊಡೆದಂಗೆ ಮಾತಾಡೋಕೆ ನಮಗೇನು ಬುದ್ಧಿ ಕೆಟ್ಟಿತ್ತಾ?"

ಕೊಟ್ರಯ್ಯನ ಕೈ ಮುದ್ದೆಯ ಮೇಲೆ ಹಾಗೇ ನಿಂತಿತು.

"ನಿಮ್ಮವ್ವ ಹೆಂಗಿದ್ದಾಳೆ?" ಗುರು ಕೇಳಿದರು.

"ಅದನ್ನೇ ಹೇಳಾಕೆ ಓಡಿ ಬಂದೆ. ಸೂರಿನೊಳಗೆ ಬಂದೋರು ಉಣ್ಣದೆ ಆಕಿ ಉಣ್ಣಾಕಿಲ್ಲ. ನಿನ್ನೆಯಿಂದ ಬಾಯಿಗೆ ನೀರು ಮಾತ್ರ. 'ನಮ್ಮ ಗಡಿಗೆ ಮುಟ್ಟದೋನ ಕಟ್ಟು ನನ್ನ ಕಾಲಿಗೆ ಯಾಕೆ' ಅಂತ ದಬ್ಬೆ ಕೀಳಾಕೆ ಹತ್ಯಾಳೆ. ಒಂದು ಗಂಟು ಆಗಲೇ ಬಿಚ್ಚಿದ್ಲು. ಪಕ್ಕದೋರನ್ನ ಕಾವಲಿಗೆ ಕೂರಿಸಿ ಬಂದೀನಿ."

ಗುರು ಶಿಷ್ಯನ ಕಡೆ ತಿರುಗಿದರು.

"ಕೈ ತೊಳಿ. ಹೊರಡು."

"ಈ ಒಂದು ಮುದ್ದೆ ಮುಗಿಸಿ..."

"ಆಕೆ ಉಂಡಿಲ್ಲ."

ಕೊಟ್ರಯ್ಯ ಕೈ ತೊಳೆದ.

ಹಟ್ಟಿ ಸೇರಿದಾಗ ಇನ್ನೂ ಬಿಸಿಲಿತ್ತು. ಬೊಮ್ಮವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬಂದವರು ಯಾರು ಅಂತ ತಿರುಗಿಯೂ ನೋಡಲಿಲ್ಲ.

ಕೊಟ್ರಯ್ಯ ಗಡಿಗೆಯ ಮುಂದೆ ಕೂತ. ಸುಲಭ ಅಂದುಕೊಂಡಿದ್ದ. ಕೈ ಏಳಲಿಲ್ಲ. ಯಾರಾದರೂ ಹೂಂ ಅನ್ನಲಿ ಅಂತ ಸುತ್ತ ನೋಡಿದ. ಚಿತ್ತಯ್ಯ ಹಗ್ಗ ಹೊಸೆಯುತ್ತಿದ್ದ. ಪಕ್ಕದ ಮನೆಯವಳು ಮೇಕೆಮರಿಯ ಕಿವಿಯಲ್ಲಿ ಉಣ್ಣಿಹುಳ ಹುಡುಕುತ್ತಿದ್ದಳು. ಯಾರಿಗೂ ಅವನ ಗೊಡವೆಯಿಲ್ಲ.

ಕಣ್ಣು ಮುಚ್ಚಿ ಮುಚ್ಚಳ ತೆಗೆದ. ಮೊಗೆದ. ಹುಳಿ ಅಂಬಲಿ. ಕುಡಿದ.

ಆ ಸದ್ದಿಗೆ ಗೋಡೆಯ ಕಡೆಯಿಂದ ಮಾತು ಬಂತು. "ಚಿತ್ತಾ, ನನಗೊಂದು ಚಿಪ್ಪು ತಾರೋ. ಹೊಟ್ಟೆ ಬೆನ್ನಿಗೆ ಹತ್ತೈತೆ."

ಕುಡಿದಾದ ಮೇಲೆ ಕಾಲು ಕೊಟ್ರಯ್ಯನ ಕಡೆ ಚಾಚಿದಳು.

"ಕಟ್ಟಪ್ಪ ಈಗ."

ಬಿಚ್ಚಿದ ಗಂಟು ಹಾಕುವಾಗ ಕೊಟ್ರಯ್ಯ ನಡೆದದ್ದೆಲ್ಲ ಹೇಳಿದ. ಮುದುಕಿ ನಕ್ಕು ನಕ್ಕು ಕೆಮ್ಮಿದಳು.

"ಅಲ್ಲಪ್ಪ, ನಿಮ್ಮೂರಾಗೆ ಹೊಟ್ಟೆ ಹಸಿದೈತೆ ಅಂತಾನೂ ಬ್ಯಾರೆಯೋರೇ ಹೇಳ್ಬೇಕಾ?"

"ಕಾಲು ಅಲುಗಿಸಬೇಡವ್ವ," ಅಂದ ಕೊಟ್ರಯ್ಯ.

ಈ ಸಲ ಅಲ್ಲೇ ಉಳಿದ. ಊತ ಇಳಿದ ಮೇಲೆ ಬಿಚ್ಚಿ ಮತ್ತೆ ಕಟ್ಟಿದ. ಮೂಳೆ ಕೂಡುವವರೆಗೂ ಇದ್ದ. ಬೊಮ್ಮವ್ವ ಕೋಲು ಹಿಡಿದು ಮೇಕೆಗಳ ಹಿಂದೆ ಗುಡ್ಡ ಹತ್ತಿದ್ದನ್ನು ನೋಡಿಯೇ ಹೊಳೆ ದಾಟಿದ.

ಗುರು ದಂಡೆಯಲ್ಲಿ ದಬ್ಬೆ ಸೀಳುತ್ತಿದ್ದರು. ಕೊಟ್ರಯ್ಯ ಎದುರಿಗೆ ಕೂತ.

"ಕಾಲು ವಾಸಿಯಾಯ್ತು ಅಜ್ಜಯ್ಯ. ಆದ್ರೆ ನನ್ನ ತಲೆಯೊಳಗಿನದು ವಾಸಿಯಾಗಲಿಲ್ಲ. ಅಷ್ಟು ದಿನ ಅಲ್ಲಿ ಉಂಡೆ. ಒಳ್ಳೇ ಜನ. ಆದ್ರೂ ಬಂದೋನನ್ನ ಬಾ, ಉಣ್ಣು ಅಂತ ಕರೆಯೋದೇ ಸರಿ ಅಂತ ಈಗಲೂ ಅನ್ಸುತ್ತೆ. ಅವರದು ಸರಿಯಿಲ್ಲ. ನೀವೇ ಹೇಳಿ, ಯಾರದು ಸರಿ?"

ಗುರು ಮಚ್ಚು ಕೆಳಗಿಟ್ಟರು.

"ಬೊಮ್ಮವ್ವನ ಕಾಲು ಸರಿಯಾಗಿ ಕೂತಿದೆ ಅಂತ ನಿನಗೆ ಹೆಂಗೆ ಗೊತ್ತಾಯ್ತು?"

"ನೀವು ಹೇಳಿಕೊಟ್ಟ ಹಾಗೇ. ಆಕೆಯ ಇನ್ನೊಂದು ಕಾಲಿನ ಪಕ್ಕ ಇಟ್ಟು ಅಳೆದೆ. ಹಿಮ್ಮಡಿಗೆ ಹಿಮ್ಮಡಿ ಸಮ ಬಂತು."

"ನಿನ್ನ ಕಾಲಿನ ಪಕ್ಕ ಇಟ್ಟು ಯಾಕೆ ಅಳೀಲಿಲ್ಲ?"