ಆಚೆ ದಡದ ಉಪ್ಪು

ಮೂರು ಊರುಗಳಲ್ಲಿ ಜನರ ಜೊತೆ ನ್ಯಾಯ ಕೇಳಲು ಹೋಗಿ, ಮೂರೂ ಕಡೆಯಿಂದ ಬರಿಗೈಯಲ್ಲಿ ಹಿಂದಿರುಗಿದ್ದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಅನ್ಯಾಯ ಮಾಡುವವರ ಕೈ ದೇಶದೇಶಗಳಿಗೆ ಚಾಚಿದೆ. ಎದುರು ನಿಲ್ಲುವವರು ಅಲ್ಲೊಬ್ಬರು, ಇಲ್ಲೊಬ್ಬರು. ಹೀಗಿರುವಾಗ ಭರವಸೆಯನ್ನು ಎಲ್ಲಿಂದ ತರಲಿ?"

ಗುರುಗಳು ಒಂದು ಕತೆ ಹೇಳಿದರು.

ಕಡಲ ಅಂಚಿನಲ್ಲಿ ನೀರನ್ನು ಬಿಸಿಲಿಗೆ ಬತ್ತಿಸಿ ಉಪ್ಪು ತೆಗೆಯುವ, ಒಬ್ಬ ವರ್ತಕನ ಆಗರವಿತ್ತು. ಅಲ್ಲಿ ಹಲಗೆಯಿಂದ ಉಪ್ಪು ಎಳೆದು ಗುಡ್ಡೆ ಹಾಕುವವರೆಲ್ಲ ಹೆಂಗಸರು. ದಿನವಿಡೀ ಉಪ್ಪುನೀರಿನಲ್ಲಿ ನಿಂತು ಅವರ ಅಂಗಾಲು ಬಿರಿಯುತ್ತಿತ್ತು. ಕುಡಿಯಲು ದಿನಕ್ಕೆ ತಲೆಗೊಂದು ತಂಬಿಗೆ ನೀರು. ಒಂದು ಮಧ್ಯಾಹ್ನ ಬಾಯಾರಿ ಬಿದ್ದ ಬಸುರಿಯೊಬ್ಬಳು ಮತ್ತೆ ಏಳಲಿಲ್ಲ. ಅವಳ ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ವಿಧವೆ ಉಳಿದವರನ್ನು ಕರೆದುಕೊಂಡು ವರ್ತಕನ ಬಳಿಗೆ ಹೋದಳು. ಸಿಹಿನೀರಿನ ಬಾವಿ ತೋಡಿಸಬೇಕು, ನೆರಳಿಗೆ ಚಪ್ಪರ ಹಾಕಿಸಬೇಕು ಎಂದು ಕೇಳಿದಳು. ಕಡಲಿನ ಆಚೆ ದಡದಲ್ಲೂ ತನಗೆ ಆಗರವಿದೆ, ನೀವು ಎಳೆಯದಿದ್ದರೆ ಅಲ್ಲಿಂದ ಹಡಗಿನಲ್ಲಿ ಉಪ್ಪು ತರಿಸುತ್ತೇನೆ ಎಂದ ಅವನು.

ಹೆಂಗಸರು ಕೆಲಸ ಬಿಟ್ಟು ಆಗರದ ಏರಿಯ ಮೇಲೆ ಕೂತರು. ಒಂದು ತಿಂಗಳು ಕಳೆಯಿತು. ಮನೆಗಳಲ್ಲಿ ಗಂಜಿ ತೆಳುವಾಯಿತು. ನಾಲ್ವರು ಎದ್ದು ಕೆಲಸಕ್ಕೆ ಹೋದರು. ಅವರನ್ನು ಯಾರೂ ಬೈಯಲಿಲ್ಲ. ಒಂದು ಬೆಳಗ್ಗೆ ವಿಧವೆಯೂ ಉಪ್ಪು ಎಳೆಯುವ ಹಲಗೆಯನ್ನು ಹೆಗಲಿಗೇರಿಸಿಕೊಂಡು ಹೊರಟಳು. ತಾವು ಹೀಗೆ ಕೂತದ್ದು ಲೋಕದಲ್ಲಿ ಯಾರಿಗೂ ಗೊತ್ತಿಲ್ಲ ಎಂದು ಅವಳಿಗೆ ಅನ್ನಿಸಿಬಿಟ್ಟಿತ್ತು.

ದಾರಿಯಲ್ಲಿ, ಹಡಗುಗಳು ತಂಗುವ ಧಕ್ಕೆಯ ಬಳಿ ವರ್ತಕನ ಹಡಗು ಬಂದು ನಿಂತಿತ್ತು. ವರ್ಷಗಟ್ಟಲೆ ಹಡಗಿಗೆ ಉಪ್ಪು ಹೊತ್ತು ತುಂಬಿದವಳು ಅವಳು. ಅದು ನೀರಿನ ಮೇಲೆ ಎಷ್ಟು ಎತ್ತರಕ್ಕೆ ತೇಲುತ್ತಿದೆ ಎಂದು ನೋಡಿದೊಡನೆ ಒಳಗೆ ಏನೂ ಇಲ್ಲವೆಂದು ತಿಳಿಯಿತು. ನಾವಿಕನನ್ನು ವಿಚಾರಿಸಿದಳು. ಈ ದಡದ ಸುದ್ದಿಯನ್ನು ಕಳೆದ ಸಲ ತಾನೇ ಆಚೆ ದಡದಲ್ಲಿ ಹೇಳಿದೆನೆಂದೂ, ಅದನ್ನು ಕೇಳಿದ ಮೇಲೆ ಅಲ್ಲಿಯವರು ಆಗರಕ್ಕೆ ಇಳಿದೇ ಇಲ್ಲವೆಂದೂ ಅವನು ಹೇಳಿದ. ಅವರ ಮಾತು ಬೇರೆ, ದೇವರು ಬೇರೆ. ನೀರು ಮಾತ್ರ ಅಲ್ಲಿಯೂ ತಲೆಗೊಂದೇ ತಂಬಿಗೆ.

"ನೀವು ಇನ್ನೂ ಕೂತಿದ್ದೀರೋ, ಎದ್ದಿರೋ, ಕೇಳಿಕೊಂಡು ಬಾ ಅಂದಿದ್ದಾಳೆ ಅಲ್ಲಿಯ ಒಬ್ಬ ಮುದುಕಿ," ಎಂದ ನಾವಿಕ. "ಏನು ಹೇಳಲಿ ಅಕ್ಕ?"

ವಿಧವೆ ಹೆಗಲ ಮೇಲಿನ ಹಲಗೆಯನ್ನು ಕೆಳಗಿಳಿಸಿದಳು.

"ಕೂತಿದ್ದೇವೆ ಅಂತ ಹೇಳಪ್ಪ."

ಏರಿಗೆ ಮರಳಿ ಎಲ್ಲರಿಗೂ ಇದನ್ನು ತಿಳಿಸಿದಳು. ತಾನು ಕೆಲಸಕ್ಕೆ ಹೊರಟಿದ್ದನ್ನೂ ಮುಚ್ಚಿಡಲಿಲ್ಲ. ಎದ್ದು ಹೋಗಿದ್ದ ನಾಲ್ವರಲ್ಲಿ ಮೂವರು ಹಿಂದಕ್ಕೆ ಬಂದರು. ಉಪ್ಪು ತೆಗೆಯಲಾಗದ ಮಳೆಗಾಲ ಹತ್ತಿರವಾಯಿತು, ಎರಡು ದಡಗಳಲ್ಲೂ ಉಪ್ಪಿಲ್ಲ. ವರ್ತಕ ಇಲ್ಲಿ ಬಾವಿ ತೋಡಿಸಿದ. ಚಪ್ಪರಕ್ಕೆ ಮತ್ತೆರಡು ವರ್ಷ ಬೇಕಾಯಿತು. ಆಚೆ ದಡದ ಬಾವಿ ಇನ್ನೂ ತಡವಾಯಿತು. ಅದಕ್ಕಾಗಿ ಈ ಹೆಂಗಸರು ಮತ್ತೊಂದು ಸಲ, ಎಂಟು ದಿನ, ಏರಿಯ ಮೇಲೆ ಕೂತರು. ಆ ಮುದುಕಿಯ ಮುಖವನ್ನು ವಿಧವೆ ಕೊನೆಯವರೆಗೂ ನೋಡಲಿಲ್ಲ.

ಶಿಷ್ಯ ಯೋಚಿಸಿ, "ಹಾಗಾದರೆ ಅವಳಿಗೆ ಭರವಸೆ ಬಂದದ್ದು ಆಚೆ ದಡದಿಂದ," ಎಂದ.

ಗುರುಗಳು ಹೇಳಿದರು: "ತಮಗೆ ಅದು ಈ ದಡದಿಂದ ಬಂತು ಎನ್ನುತ್ತಾರೆ ಆಚೆಯವರು."