ಬೆಳ್ಳಿ ಬಟ್ಟಲಿನ ಹುರುಳಿ ಸಾರು

"ಇನ್ನು ಮೇಲೆ ನನ್ನ ತುಟಿಗೆ ಬೆಳ್ಳಿ ಬಿಟ್ಟು ಬೇರೇನೂ ತಾಗಕೂಡದು," ಎಂದ ಕೆಂಗಲ್ಲುದುರ್ಗದ ಪಾಳೆಯಗಾರ ಚಿಕ್ಕರಂಗಪ್ಪ ನಾಯಕ. ಮಾವನ ಮನೆಯಿಂದ ಒಂದು ಗಾಡಿ ಬೆಳ್ಳಿ ಪಾತ್ರೆ ಬಂದು ಇನ್ನೂ ಎರಡು ದಿನವಾಗಿರಲಿಲ್ಲ. "ಅರಮನೆಯ ಮರದ ಬಟ್ಟಲು, ತಟ್ಟೆ, ಸೌಟು ಎಲ್ಲವನ್ನೂ ಒಲೆಗೆ ಹಾಕಿ. ಅವನ್ನು ಮಾಡುವವರಿಗೆ ಇಲ್ಲೇನು ಕೆಲಸ? ಅಮಾವಾಸ್ಯೆಯೊಳಗೆ ಆಚಾರಿ ಬೀದಿ ಖಾಲಿಯಾಗಲಿ. ಅಲ್ಲಿ ಆನೆ ಲಾಯ ಕಟ್ಟಿಸುತ್ತೇನೆ."

ನಾಯಕನಿಗೆ ಇದ್ದದ್ದು ಒಂದೇ ಆನೆ. ಅದಕ್ಕೂ ಹಲ್ಲು ಬಿದ್ದಿತ್ತು. ಆದರೂ ಆಸ್ಥಾನವೆಲ್ಲ ತಲೆಯಾಡಿಸಿತು.

ತಲೆಯಾಡಿಸದವನು ವಿದೂಷಕ ಮುದ್ದಯ್ಯ ಒಬ್ಬನೇ. ಆಚಾರಿ ಬೀದಿಯ ಬೊಮ್ಮಾಚಾರಿ ಹಾಲೆ ಮರದ ತುಂಡನ್ನು ತಿರುಗಿಸುತ್ತ, ಉಳಿ ಹಿಡಿದು ಬಟ್ಟಲು ಕಡೆಯುವುದನ್ನು ನೋಡುತ್ತ ಅವನು ಎಷ್ಟೋ ಮಧ್ಯಾಹ್ನ ಕಳೆದಿದ್ದ. ಆ ಬೀದಿಯಲ್ಲಿ ಯಾರೂ ಅವನಿಗೆ ಊಟ ಇಲ್ಲವೆಂದವರಲ್ಲ.

ಮರುದಿನ ಬೊಮ್ಮಾಚಾರಿ ಕೈಮುಗಿದುಕೊಂಡು ಬಂದು ನಿಂತ. "ಬುದ್ಧಿ, ಹನ್ನೊಂದು ಮನೆ. ಎಲ್ಲಿಗೆ ಹೋಗೋಣ?"

ನಾಯಕ ಆಕಳಿಸಿದ.

ಮುದ್ದಯ್ಯ ಎದ್ದ. "ಇವನನ್ನು ಓಡಿಸಿದ್ದೇ ಸರಿ ಪ್ರಭು. ಬಹಳ ಕೊಬ್ಬು ಇವನಿಗೆ. ಬಿಸಿ ಸಾರು ಕುಡಿಯೋದರಲ್ಲಿ ನಾಯಕರು ನನ್ನ ಮುಂದೆ ನಿಲ್ಲೋದಿಲ್ಲ ಅಂತ ಊರೆಲ್ಲ ಹೇಳಿಕೊಂಡು ತಿರುಗ್ತಾನೆ."

ಬೊಮ್ಮಾಚಾರಿಯ ಮುಖ ಬಿಳಿಚಿತು. "ಅಯ್ಯ, ನಾನು ಯಾವಾಗ ಹಾಗಂದೆ?" ಎಂದು ಪಿಸುಗುಟ್ಟಿದ.

"ಈಗ ಅಂದೆ. ಸುಮ್ಮನಿರು," ಎಂದ ಮುದ್ದಯ್ಯ.

ನಾಯಕನ ನಿದ್ದೆ ಹಾರಿಹೋಯಿತು. "ನಾನು ನಿಲ್ಲೋದಿಲ್ಲವಾ? ತರಿಸು ಸಾರು."

"ಒಲೆಯಿಂದ ಇಳಿಸಿದ ಹಾಗೇ ತರಿಸೋಣವಾ ಪ್ರಭು? ಬರಿಗೈಯಲ್ಲಿ ಹಿಡಿಯಬೇಕು, ಮುಗಿಯುವ ತನಕ ಕೆಳಗಿಡಬಾರದು. ಆಚಾರಿ ಸೋತರೆ ಇವತ್ತೇ ಊರು ಬಿಡಲಿ."

"ಗೆದ್ದರೆ ಬೀದಿ ಅವನದೇ," ಎಂದ ನಾಯಕ, ಗೆಲ್ಲುವ ಮಾತೇ ಇಲ್ಲವೆಂಬ ಹಾಗೆ.

ನಾಯಕನ ಊಟ ಅಡುಗೆಮನೆಯಿಂದ ಹೊರಟು, ವಿಷ ಪರೀಕ್ಷೆ ಮಾಡುವ ಮೂವರ ಬಾಯಿ ದಾಟಿ ಬರುವಷ್ಟರಲ್ಲಿ ತಣ್ಣಗಾಗಿರುತ್ತಿತ್ತು. ಬಿಸಿ ಬೆಳ್ಳಿಯನ್ನು ಅವನು ಹುಟ್ಟಿದಾಗಿನಿಂದ ಮುಟ್ಟಿರಲಿಲ್ಲ. ಅಡುಗೆಯ ತಿಮ್ಮಕ್ಕ ಮಾತ್ರ ಎರಡು ದಿನದಿಂದ ಸೆರಗು ಸುತ್ತಿಕೊಂಡೇ ಆ ಪಾತ್ರೆಗಳನ್ನು ಎತ್ತುತ್ತಿದ್ದಳು. ಮುದ್ದಯ್ಯ ಅದನ್ನು ನೋಡಿದ್ದ.

ಕೊತಕೊತ ಕುದಿಯುವ ಹುರುಳಿ ಸಾರು ಬಂತು. ನಾಯಕನ ಬೆಳ್ಳಿ ಬಟ್ಟಲಿಗೂ ಆಚಾರಿ ಮನೆಯಿಂದ ತರಿಸಿದ ಮರದ ಬಟ್ಟಲಿಗೂ ತಿಮ್ಮಕ್ಕ ಅಂಚಿನ ತನಕ ಬಡಿಸಿದಳು.

ಇಬ್ಬರೂ ಎತ್ತಿದರು. ಬೊಮ್ಮಾಚಾರಿ ಉಫ್ ಉಫ್ ಎಂದು ಊದುತ್ತ ಒಂದು ಗುಟುಕು ಕುಡಿದ.

ನಾಯಕ ಬಟ್ಟಲನ್ನು ಬಲಗೈಯಿಂದ ಎಡಗೈಗೆ ದಾಟಿಸಿದ. ಎಡಗೈಯಿಂದ ಬಲಗೈಗೆ ದಾಟಿಸಿದ. ಒಂದು ಕಾಲು ಎತ್ತಿದ. ಇನ್ನೊಂದು ಕಾಲು ಎತ್ತಿದ.

"ಆಹಾ, ಎಂಥ ಹೆಜ್ಜೆ," ಎಂದರು ಆಸ್ಥಾನದ ಪಂಡಿತರು, ಇದೇನೋ ಹೊಸ ಕುಣಿತವೆಂದುಕೊಂಡು.

ಮರುಗಳಿಗೆಗೆ ಬಟ್ಟಲು ಠಣ್ ಎಂದು ನೆಲಕ್ಕೆ ಬಿತ್ತು. ಸಾರು ಮಂತ್ರಿಯ ಪಾದಕ್ಕೆ ಹಾರಿತು. ಮಂತ್ರಿಯೂ ಕುಣಿದ.

ಬೊಮ್ಮಾಚಾರಿ ತಳದಲ್ಲಿದ್ದ ನಾಲ್ಕು ಕಾಳನ್ನೂ ಬಾಯಿಗೆ ಸುರಿದುಕೊಂಡು ಬಟ್ಟಲು ಬೋರಲು ಹಾಕಿದ.

ವೈದ್ಯರು ಬೆಣ್ಣೆ ತಂದು ನಾಯಕನ ಬೆರಳಿಗೆ ಸವರಿದರು. ಅವನು ಮುದ್ದಯ್ಯನನ್ನು ಕೆಕ್ಕರಿಸಿ ನೋಡಿದ. "ಅವನ ಬಟ್ಟಲು ಯಾಕೆ ಸುಡಲಿಲ್ಲ?"

"ಬೆಳ್ಳಿ ನಮ್ಮ ಆಸ್ಥಾನದವರ ಹಾಗೆ ಪ್ರಭು. ಒಳಗೆ ಬಿದ್ದದ್ದನ್ನು ಕೂಡಲೇ ಹೊರಗೆ ಹೇಳಿಬಿಡುತ್ತೆ. ಮರ ತಮ್ಮ ಪ್ರಜೆಗಳ ಹಾಗೆ. ಒಳಗೆ ಎಷ್ಟೇ ಕುದಿಯಲಿ, ಹೊರಗೆ ತೋರಿಸಿಕೊಳ್ಳೋದಿಲ್ಲ."

ಪಂಡಿತರು ಮುದ್ದಯ್ಯನಿಂದ ಎರಡು ಹೆಜ್ಜೆ ದೂರ ಸರಿದರು.

ನಾಯಕ ತನ್ನ ಬೆಣ್ಣೆ ಬೆರಳುಗಳನ್ನು ನೋಡಿಕೊಂಡ. ಸಾರಿನಲ್ಲಿ ನೆಂದ ಮಂತ್ರಿಯ ಕಾಲನ್ನು ನೋಡಿದ. ಮೊದಲು ಅವನ ಹೊಟ್ಟೆ ಕುಲುಕಿತು, ಆಮೇಲೆ ನಗು ಹೊರಗೆ ಬಂತು.

"ಬೀದಿ ನಿಮ್ಮದೇ, ಹೋಗು," ಎಂದ ಆಚಾರಿಗೆ. "ನಾಳೆ ನನಗೊಂದು ಬಟ್ಟಲು ಕಡೆದು ತಾ. ದಪ್ಪದ್ದು."

ಆಮೇಲೆ ಮುದ್ದಯ್ಯನಿಗೆ ಬಹುಮಾನ ಕೊಡಲೆಂದು ಬೆರಳಿನ ಕೆಂಪು ಹರಳಿನ ಉಂಗುರ ಎಳೆದ. ಬೆರಳು ಬದನೆಕಾಯಿಯಂತೆ ಊದಿತ್ತು. ಉಂಗುರ ಅಲ್ಲಾಡಲಿಲ್ಲ.

"ಬಿಡು, ಇನ್ನೊಂದು ದಿನ ನೋಡೋಣ," ಎಂದ ನಾಯಕ, ತುಸು ನೆಮ್ಮದಿಯಿಂದಲೇ.

ಮುದ್ದಯ್ಯ ಸಿಂಹಾಸನದ ಮೆಟ್ಟಿಲ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

"ಅವಸರವಿಲ್ಲ ಪ್ರಭು. ಊತ ಇಳಿಯೋವರೆಗೂ ಇಲ್ಲೇ ಕೂತಿರ್ತೀನಿ."